ಸಮುದ್ರವಿಲ್ಲದ ಊರಿನ ಹಡಗಿನ ಗಂಟೆ

ಏಳನೆಯ ಕಂತು: ಹದಿನಾರು ಹತ್ತು

"ಬಣ್ಣ ಇನ್ನೂ ಒಣಗಿಲ್ಲ," ಎಂದರು ಕ್ಯಾಪ್ಟನ್ ರಾಮಚಂದ್ರ, ಮೂರನೆಯ ಸಲ.

ದೇವರಾಯಸಮುದ್ರದ ಕೆರೆ ಆ ವರ್ಷ, ಅಂದರೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ತುಂಬಿ ಕೋಡಿ ಬಿದ್ದಿತ್ತು. ಡಿಸೆಂಬರಿನ ಬೆಳಗಿನ ಬಿಸಿಲು ನೀರಿನ ಮೇಲೆ ಹೊಳೆದು ಕಣ್ಣು ಕುಕ್ಕುತ್ತಿತ್ತು. ಕೆರೆ ಏರಿಯ ಮೇಲೆ ಬಿಳಿ ಷರಟು, ಬಿಳಿ ಪ್ಯಾಂಟು, ತಲೆಗೆ ಹಡಗಿನ ಟೋಪಿ ಹಾಕಿಕೊಂಡ ಒಂಬತ್ತು ಜನ ಮುದುಕರು ದೋಣಿಗಾಗಿ ಕಾದಿದ್ದರು. ದೋಣಿ ಮಾತ್ರ ಶೆಡ್ಡು ಬಿಟ್ಟು ಹೊರಗೆ ಬರಲೊಲ್ಲದು.

"ಏಮಯ್ಯಾ ಇದಿ?" ಗೌನಿಪಲ್ಲಿಯ ಕ್ಯಾಪ್ಟನ್ ಅಶ್ವತ್ಥಪ್ಪ ಆಗಲೇ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದಿದ್ದರು. ಅವರು ಸಂಘದ ಅಧ್ಯಕ್ಷರು. ಖುಷಿಯಾದರೂ ಕೋಪ ಬಂದರೂ ಅವರ ಬಾಯಿಗೆ ಮೊದಲು ಬರುವುದು ತೆಲುಗು. "ನಲವತ್ತು ವರ್ಷ ಹಡಗಲ್ಲಿ ಒಂದು ನಿಮಿಷ ತಡ ಮಾಡಿದವನಲ್ಲ ನೀನು. ಈವತ್ತು ಒಂದು ದೋಣಿ ಇಳಿಸೋಕೆ ಒಂದು ಗಂಟೆ ಮಾಡಿದ್ದೀಯಲ್ಲೋ ರಾಮೂ!"

"ಒಣಗಲಿ ಅಂದೆ." ರಾಮಚಂದ್ರ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬೀಗದ ಕೈ ಅವರ ಜನಿವಾರದಲ್ಲಿತ್ತು.

ಇದನ್ನೆಲ್ಲ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ಸುಂದರಾಬಾಯಿ. ಮುಳಬಾಗಿಲಿನವರು. ಕೋಲಾರದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ವಿಳಾಸವೇ ಅರ್ಥವಾಗದ ಕಾಗದಗಳನ್ನು ಸರಿಯಾದ ಮನೆಗೆ ಮುಟ್ಟಿಸಿ ಹೆಸರಾದವರು. ಗುರುವಾರ ಸಂಜೆ ಕೋಲಾರದ ಸಂಘದ ಕೋಣೆಯಿಂದ 'ಕನಕವಲ್ಲಿ' ಹಡಗಿನ ಹಿತ್ತಾಳೆ ಗಂಟೆ ಮಾಯವಾದಾಗ ಅಶ್ವತ್ಥಪ್ಪ ಓಡಿ ಬಂದದ್ದು ಅವರ ಮನೆಗೇ.

"ಒಂದು ಗಂಟೆ ತಾನೇ? ಇನ್ನೊಂದು ತಗೊಳ್ಳಿ," ಎಂದಿದ್ದರು ಸುಂದರಾಬಾಯಿ ಆ ದಿನ.

"ಅಮ್ಮಾ, ತಾಳಿ ಕಳೆದುಕೊಂಡವಳಿಗೆ ಇನ್ನೊಂದು ದಾರ ಕಟ್ಕೋ ಅಂದ ಹಾಗಾಯ್ತು," ಎಂದಿದ್ದರು ಅಶ್ವತ್ಥಪ್ಪ. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಸುಂದರಾಬಾಯಿ ಇಲ್ಲ ಎನ್ನಲಿಲ್ಲ.

ಸಮುದ್ರ ನೂರೈವತ್ತು ಮೈಲಿ ಆಚೆ ಇರುವ ಜಿಲ್ಲೆಯಲ್ಲಿ ಹಿರಿಯ ನಾವಿಕರ ಸಂಘ ಅಂದರೆ ಕೇಳಿದವರು ನಗುತ್ತಿದ್ದರು. ನಗುವವರನ್ನು ಸಂಘದವರೇ ಕರೆದು ಕೂರಿಸಿ ಪಾನಕ ಕೊಡುತ್ತಿದ್ದರು. ಕ್ಯಾಪ್ಟನ್ ಆಗಿ ಅಥವಾ ಚೀಫ್ ಇಂಜಿನಿಯರ್ ಆಗಿ ಹತ್ತು ವರ್ಷ ಹಡಗು ನಡೆಸಿದವರಿಗೆ ಮಾತ್ರ ಸದಸ್ಯತ್ವ. ಕೋಲಾರದಲ್ಲಿ ಟೈಲರ್ ಅಂಗಡಿಯ ಮೇಲಿದ್ದ ಸಂಘದ ಕೋಣೆಗೆ ಅವರು ಹಡಗಿನವರ ಮಾತಿನಲ್ಲಿ 'ಡೆಕ್ಕು' ಎನ್ನುತ್ತಿದ್ದರು. ವರ್ಷಕ್ಕೊಂದು ಭಾನುವಾರ ಈ ಕೆರೆಯಲ್ಲಿ ದೋಣಿ ಇಳಿಸಿ, ಒಬ್ಬೊಬ್ಬರೂ ಒಂದು ಸುತ್ತು ಹುಟ್ಟು ಹಾಕಿ, ಏರಿಯ ಮೇಲೆ ಎಲೆ ಹಾಸಿ ಊಟ. ಮುಳಬಾಗಿಲಿನ ಅರ್ಚಕರ ಮನೆಯಲ್ಲಿ ಹುಟ್ಟಿದ ರಾಮಚಂದ್ರ ಮೊದಲ ಸಲ ಸಮುದ್ರ ದಾಟಿ ಬಂದಾಗ ಅವರ ತಂದೆ ಮೂರು ದಿನ ಪ್ರಾಯಶ್ಚಿತ್ತ ಮಾಡಿಸಿದ್ದರಂತೆ. ರಾಮಚಂದ್ರರ ಮರ್ಯಾದೆಗೆ ಸಂಘದಲ್ಲಿ ರಮ್ಮಿನ ಬದಲು ಬೆಲ್ಲದ ಪಾನಕ.

ಎಲ್ಲಕ್ಕಿಂತ ದೊಡ್ಡ ಪದ್ಧತಿ ಗಂಟೆಯದು. ಹಡಗಿನಲ್ಲಿ ನಾಲ್ಕು ತಾಸಿನ ಪಾಳಿ ಮುಗಿದಾಗ ಎಂಟು ಸಲ ಗಂಟೆ ಬಾರಿಸುತ್ತಾರೆ. ಸದಸ್ಯರೊಬ್ಬರು ತೀರಿಕೊಂಡ ವರ್ಷ ಸಂಘದವರೂ ಊಟಕ್ಕೆ ಮೊದಲು ಎಂಟು ಸಲ ಬಾರಿಸಿ, ಹೆಸರನ್ನು ಮರದ ಬೋರ್ಡಿಗೆ ಏರಿಸುತ್ತಿದ್ದರು. ಅವನ ಪಾಳಿ ಮುಗೀತು ಅಂತ.

ಈ ವರ್ಷ ಆ ಹೆಸರು ಮಾಲೂರಿನ ಚೀಫ್ ಇಂಜಿನಿಯರ್ ಚನ್ನರಾಯಪ್ಪನವರದು. ಕೊನೆಯದೊಂದು ಸಲ ಅಂತ ಹಡಗು ಹತ್ತಿದವರು. ಹಡಗು ಆಫ್ರಿಕಾದ ಹತ್ತಿರ ಮುಳುಗಿತು, ಯಾರೂ ಉಳಿಯಲಿಲ್ಲ ಎಂದು ಹನ್ನೊಂದು ತಿಂಗಳ ಹಿಂದೆ ತಂತಿ ಬಂದಿತ್ತು.

ಸುಂದರಾಬಾಯಿ ಎದ್ದು ಶೆಡ್ಡಿನ ಪಕ್ಕಕ್ಕೆ ಹೋದರು. ಹಲಗೆಗಳ ನಡುವಿನ ಸಂದಿಯಲ್ಲಿ ಬೆರಳು ತೂರಿಸಿ ದೋಣಿಯ ಪಕ್ಕೆಯನ್ನು ಮುಟ್ಟಿದರು. ಬೆರಳು ನೋಡಿಕೊಂಡರು. ಏನೂ ಅಂಟಿರಲಿಲ್ಲ.

ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಬಸ್ಸು ನಿಂತಿತು.

*

ಬಸ್ಸಿನಿಂದ ಇಳಿದವರು ಮುನಿಗಂಗಮ್ಮ, ಚನ್ನರಾಯಪ್ಪನವರ ಹೆಂಡತಿ. ಪದ್ಧತಿಯಂತೆ ಇವತ್ತು ಅವರು ಅಧ್ಯಕ್ಷರ ಬಲಗಡೆ ಕೂತು ಗಂಡನ ಟೋಪಿಯನ್ನು ತೆಗೆದುಕೊಂಡು ಹೋಗಬೇಕಿತ್ತು.

ಅವರು ಬಂದದ್ದು ವಿಧವೆಯ ಹಾಗಲ್ಲ. ಮುಂಗೈ ತುಂಬ ಹಸಿರು ಬಳೆ. ಹಣೆಯಲ್ಲಿ ಕಾಸಿನಗಲ ಕುಂಕುಮ. ಮುಡಿಯಲ್ಲಿ ಕನಕಾಂಬರ.

"ಸೀಬೆಹಣ್ಣು ತಂದಿವ್ನಿ, ನಮ್ಮ ಹಿತ್ತಲದ್ದು," ಎಂದು ಚೀಲವನ್ನು ಅಶ್ವತ್ಥಪ್ಪನವರ ಕೈಗೆ ಕೊಟ್ಟರು. "ಟೋಪಿ ತಗೊಂಡೋಗೋಕೆ ಬಂದಿಲ್ಲ ಸ್ವಾಮಿ. ಕೊಟ್ರೂ ಮುಟ್ಟಕ್ಕಿಲ್ಲ. ಗಂಟೆ ಹೊಡೀಬ್ಯಾಡಿ ಅಂತ ಕೇಳೋಕೆ ಬಂದೆ."

"ಹೊಡೆಯೋಣ ಅಂದ್ರೆ ಗಂಟೆ ಇದ್ದರೆ ತಾನೇ ಅಮ್ಮಾ?" ಎಂದರು ಕ್ಯಾಪ್ಟನ್ ಸುಬ್ರಹ್ಮಣ್ಯ. ಗುಂಡಗಿನ ಆಳು, ಸಂಘದ ಊಟದ ಉಸ್ತುವಾರಿ ಅವರದು. ಸದಾ ನಗುನಗುತ್ತಾ ಇರುವವರು ಈಗ ನಗುತ್ತಿರಲಿಲ್ಲ. "ಗುರುವಾರ ನೀವು ಕೋಲಾರಕ್ಕೆ ಬಂದಿದ್ರಿ. ನಮ್ಮ ಡೆಕ್ಕಿನ ಮೆಟ್ಟಿಲು ಹತ್ತಿದ್ರಿ. ಕೆಳಗಿನ ಟೈಲರ್ ನೋಡಿದ್ದಾನೆ. ಕೈಯಲ್ಲಿ ಚೀಲ ಇತ್ತಂತೆ."

"ಹೂಂ, ಬಂದಿದ್ದೆ. ಚೀಲನೂ ಇತ್ತು."

"ಮತ್ತೆ?"

"ಯಾರೂ ಇರ್ಲಿಲ್ಲ. ಬಾಗಿಲು ತೆಗೆದಿತ್ತು. ಅವ್ರ ಕುರ್ಚಿ ಮ್ಯಾಲೆ ಧೂಳು ಕೂತಿತ್ತು, ಸೆರಗಲ್ಲಿ ಒರೆಸ್ದೆ. ಒಸಿ ಹೊತ್ತು ಅದರಾಗೆ ಕೂತ್ಕಂಡೆ. ಹೊಂಟ್ ಬಂದೆ. ಗಂಟೆ ಅಲ್ಲೇ ನೇತಾಡ್ತಿತ್ತು, ನಾನು ಕೈ ಕೂಡ ತಾಗಿಸ್ಲಿಲ್ಲ."

"ಗಂಟೆ ಹೊಡೀಬಾರದು ಅನ್ನೋರು ನೀವೊಬ್ರೇ. ಗಂಟೆ ಹೋದ ದಿನ ಅಲ್ಲಿಗೆ ಬಂದೋರೂ ನೀವೊಬ್ರೇ." ಸುಬ್ರಹ್ಮಣ್ಯ ಅಧ್ಯಕ್ಷರ ಕಡೆ ತಿರುಗಿದರು. "ಅಶ್ವತ್ಥಪ್ಪಾ, ಇನ್ನೇನು ಕಾಯ್ತಿದ್ದೀಯ? ಊಟ ಆದ ಮೇಲೆ ಸ್ಟೇಷನ್ನಿಗೆ ಹೋಗಿ ಇವರ ಹೆಸರು ಬರೆಸೋಣ. ಮನೆ ಹುಡುಕಲಿ."

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ರಾಮಚಂದ್ರರ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನೋಡಿದವರು ಸುಂದರಾಬಾಯಿ ಒಬ್ಬರೇ.

"ಒಂದು ನಿಮಿಷ," ಎಂದರು ಅವರು. "ಮುನಿಗಂಗಮ್ಮನೋರೇ, ಆವತ್ತು ವಾಪಸ್ಸು ಯಾವ ಬಸ್ಸಿಗೆ ಹೋದ್ರಿ?"

"ನಾಲ್ಕು ಗಂಟೆ ಮಾಲೂರು ಬಸ್ಸಿಗೆ ಕಣಮ್ಮಾ. ಅದು ಬಿಟ್ರೆ ಆರರ ತನಕ ಇಲ್ಲ."

"ಗೊತ್ತು. ಕಂಡಕ್ಟರನ್ನ ನಿನ್ನೆ ವಿಚಾರಿಸಿದೆ. ಸೀಬೆಹಣ್ಣು ಕೊಟ್ರಂತೆ, ನೆನಪಿಟ್ಟುಕೊಂಡಿದ್ದಾನೆ. ನಾಲ್ಕಕ್ಕೆ ಸರಿಯಾಗಿ ಬಸ್ಸು ಬಿಟ್ಟನಂತೆ." ಸುಂದರಾಬಾಯಿ ಕನ್ನಡಕ ಸರಿಮಾಡಿಕೊಂಡರು. "ರಾಮಚಂದ್ರರೇ, ನೀವು ಕಾರ್ಯದರ್ಶಿಗಳು. ಗಂಟೆ ಇಲ್ಲ ಅಂತ ನಿಮಗೆ ಗೊತ್ತಾಗಿದ್ದು ಎಷ್ಟು ಹೊತ್ತಿಗೆ?"

ರಾಮಚಂದ್ರ ಶೆಡ್ಡಿನ ಬೀಗವನ್ನು ಮುಟ್ಟಿ ನೋಡಿಕೊಂಡರು.

"ಆರು ಗಂಟೆಗೆ ನಾವೆಲ್ಲ ಒಟ್ಟಿಗೆ ಮೆಟ್ಟಿಲು ಹತ್ತಿದೆವಲ್ಲ," ಎಂದರು ಅಶ್ವತ್ಥಪ್ಪ. "ಗಂಟೆ ಇಲ್ಲ ಅಂತ ಮೊದಲು ಕಿರುಚಿದವನು ನಾನೇ."

"ಸರಿ. ಲಾಗ್‌ಬುಕ್ ತಂದಿದ್ದೀರಾ?"

*

ಲಾಗ್‌ಬುಕ್ ಅಂದರೆ ಹಡಗಿನ ದಿನಚರಿ. ಗಾಳಿ ಯಾವ ಕಡೆ, ಮೋಡ ಎಷ್ಟು, ಹಡಗಿನಲ್ಲಿ ಯಾವ ಹೊತ್ತಿಗೆ ಏನಾಯಿತು, ಎಲ್ಲವನ್ನೂ ಆಗಿನದನ್ನು ಆಗಲೇ ಬರೆದಿಡಬೇಕು. ಅದರಲ್ಲಿ ಸುಳ್ಳು ಬರೆದ ಅಧಿಕಾರಿಯ ಮುಖವನ್ನು ಸಮುದ್ರದವರು ಯಾರೂ ನೋಡುವುದಿಲ್ಲ. ಸಂಘದಲ್ಲಿಯೂ ಒಂದು ಲಾಗ್‌ಬುಕ್ ಇತ್ತು. ಹದಿನೆಂಟು ವರ್ಷದಿಂದ ರಾಮಚಂದ್ರ ಒಂದು ದಿನವೂ ತಪ್ಪದೆ ಬರೆದದ್ದು.

ನೀಲಿ ರಟ್ಟಿನ ಆ ಪುಸ್ತಕವನ್ನು ಅಶ್ವತ್ಥಪ್ಪನೇ ಎಲೆ-ಲೋಟಗಳ ಬುಟ್ಟಿಯ ಪಕ್ಕದಿಂದ ತಂದುಕೊಟ್ಟರು. ಸುಂದರಾಬಾಯಿ ಗುರುವಾರದ ಪುಟ ತೆಗೆದರು.

"ಓದ್ತೀನಿ, ಕೇಳಿ. 'ಗಾಳಿ ಈಶಾನ್ಯ, ಮೆಲ್ಲಗೆ. ಆಕಾಶ ನಿರ್ಮಲ. ಹದಿನಾರು ಹತ್ತಕ್ಕೆ ಗಂಟೆಯನ್ನು ಅದರ ಜಾಗದಿಂದ ತೆಗೆಯಲಾಯಿತು.'"

ಪುಸ್ತಕವನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಹಿಡಿದರು.

"ಹದಿನಾರು ಹತ್ತು ಅಂದ್ರೆ ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕು ಹತ್ತು," ಎಂದರು ಸುಂದರಾಬಾಯಿ. "ಆ ಹೊತ್ತಿಗೆ ಮುನಿಗಂಗಮ್ಮ ಮಾಲೂರಿನ ಬಸ್ಸಲ್ಲಿ ಕೂತು ಹತ್ತು ನಿಮಿಷ ಆಗಿತ್ತು. ಅದಿರಲಿ. ಇಲ್ಲಿ 'ಕಳುವಾಯಿತು' ಅಂತ ಬರೆದಿಲ್ಲ, 'ಕಾಣಲಿಲ್ಲ' ಅಂತಲೂ ಬರೆದಿಲ್ಲ. 'ತೆಗೆಯಲಾಯಿತು.' ನೀವೆಲ್ಲ ಆರಕ್ಕೆ ಹೋಗಿ ಖಾಲಿ ಕೊಕ್ಕೆ ನೋಡಿದ್ರಿ. ನಾಲ್ಕು ಹತ್ತಕ್ಕೇ ತೆಗೆದದ್ದು ಅಂತ ಗೊತ್ತಿರೋದು ಯಾರಿಗೆ?"

ಒಂಬತ್ತು ಟೋಪಿಗಳಲ್ಲಿ ಎಂಟು ಟೋಪಿಗಳು ಒಂದೇ ಕಡೆಗೆ ತಿರುಗಿದವು.

"ರಾಮೂ?" ಅಶ್ವತ್ಥಪ್ಪನ ದನಿ ಕೆಳಗಿಳಿದಿತ್ತು. "ನೀನಾ?"

ರಾಮಚಂದ್ರ ನೆಟ್ಟಗೆ ನಿಂತರು. ಮುಖದ ಬೂದಿಬಣ್ಣ ಹೋಗಿ ಏನೋ ಹಗುರವಾದ ಹಾಗಿತ್ತು.

"ನಾನೇ. ಬಾಯಲ್ಲಿ ಸುಳ್ಳಾಡೋಕೆ ಆಯ್ತು. ನಿಮ್ಮ ಜೊತೆ ಮೆಟ್ಟಿಲು ಹತ್ತಿ, ಖಾಲಿ ಕೊಕ್ಕೆ ನೋಡಿ ಆಶ್ಚರ್ಯ ಪಟ್ಟ ಹಾಗೆ ನಟಿಸಿದೆ. ಲಾಗ್‌ನಲ್ಲಿ ಮಾತ್ರ ಕೈ ಓಡಲಿಲ್ಲ."

"ಯಾಕೋ?"

"ಹೇಳೋಲ್ಲ."

"ಹೇಳೋಲ್ಲ ಅಂದ್ರೆ?" ಸುಬ್ರಹ್ಮಣ್ಯ ಮುಂದೆ ಬಂದರು. "ಒಬ್ಬ ಹೆಂಗಸಿನ ಮೇಲೆ ನಾವು ತಪ್ಪು ಹೊರಿಸೋ ಹಾಗೆ ಮಾಡಿ, ಈಗ ಹೇಳೋಲ್ಲ ಅಂತೀಯಲ್ಲ! ಸಂಘದ ಆಸ್ತಿಯನ್ನ ಹೇಳದೆ ತೆಗೆದವನು ಸಂಘದಲ್ಲಿ ಇರಕೂಡದು ಅಂತ ನಿಯಮ ಬರೆದವನು ನೀನೇ."

"ಹೌದು. ಹನ್ನೆರಡನೇ ನಿಯಮ." ರಾಮಚಂದ್ರ ತಲೆಯ ಮೇಲಿನ ಟೋಪಿ ತೆಗೆದು ಅಶ್ವತ್ಥಪ್ಪನ ಕೈಗೆ ಕೊಟ್ಟರು. "ಅಮ್ಮಾ, ನಿಮ್ಮ ಹೆಸರು ಸ್ಟೇಷನ್ನಿನವರೆಗೂ ಹೋಗೋಕೆ ಬಿಡ್ತಿರಲಿಲ್ಲ. ಇಷ್ಟೊತ್ತು ಸುಮ್ಮನಿದ್ದಿದ್ದಕ್ಕೆ ಕ್ಷಮಿಸಿ. ನಾನು ಒಬ್ಬರಿಗೆ ಮಾತು ಕೊಟ್ಟಿದ್ದೀನಿ. ಅದಕ್ಕಿಂತ ಹೆಚ್ಚು ಹೇಳಲಾರೆ."

ಅಶ್ವತ್ಥಪ್ಪ ಆ ಟೋಪಿಯನ್ನು ಎಲ್ಲಿಡಬೇಕೋ ತಿಳಿಯದೆ ಸೀಬೆಹಣ್ಣಿನ ಚೀಲದ ಜೊತೆಗೆ ಹಿಡಿದುಕೊಂಡು ನಿಂತರು. ಕೆರೆಯ ನೀರು ಅವರ ಪ್ಯಾಂಟಿನಿಂದ ತೊಟ್ಟಿಕ್ಕುತ್ತಿತ್ತು.

ಸುಂದರಾಬಾಯಿ ಪುಸ್ತಕ ಮುಚ್ಚಿದರು. "ನೀವು ಹೇಳಬೇಡಿ. ನಾನೇ ಯೋಚಿಸ್ತೀನಿ, ನೀವು ಕೇಳಿ ಸಾಕು. ಆ ಗಂಟೆಯಿಂದ ಇವತ್ತು ಆಗಬೇಕಾಗಿದ್ದ ಕೆಲಸ ಒಂದೇ. ಚನ್ನರಾಯಪ್ಪನೋರಿಗೆ ಎಂಟು ಸಲ ಬಾರಿಸೋದು. ಆ ಕೆಲಸ ನಿಮಗೆ ಬೇಡವಾಗಿತ್ತು. ಯಾಕೆ? ಅವರ ಮೇಲೆ ಕೋಪವೇ? ಪ್ರಾಣಸ್ನೇಹಿತರು ನೀವು, ಕೋಪ ಇರಲಾರದು. ಹಾಗಾದ್ರೆ ಪಾಳಿ ಮುಗಿಯದವನಿಗೆ ಪಾಳಿ ಮುಗೀತು ಅಂತ ಬಾರಿಸೋದು ಲಾಗ್‌ನಲ್ಲಿ ಸುಳ್ಳು ಬರೆದ ಹಾಗೆ ಅಂತ ನಿಮಗೆ..."

ಅವರ ಮಾತು ಪೂರ್ತಿಯಾಗುವ ಮೊದಲೇ ಮುನಿಗಂಗಮ್ಮ ರಾಮಚಂದ್ರರ ಎದುರಿಗೆ ಬಂದು ನಿಂತಾಗಿತ್ತು.

"ಸ್ವಾಮಿ, ಮಾತಾಡಬ್ಯಾಡಿ. ಕೊಟ್ಟ ಮಾತು ಉಳಿಸ್ಕಳಿ. ತಲೆ ಒಂದ್ ಅಲ್ಲಾಡಿಸಿ." ಅವರು ಎರಡೂ ಕೈ ಜೋಡಿಸಿದರು, ಬಳೆಗಳು ಸದ್ದು ಮಾಡಿದವು. "ನಮ್ಮೋರು ಬದುಕವ್ರಾ?"

ರಾಮಚಂದ್ರ ತಲೆ ಅಲ್ಲಾಡಿಸಲಿಲ್ಲ. ಜೇಬಿಗೆ ಕೈ ಹಾಕಿ ಒಂದು ಲಕೋಟೆ ತೆಗೆದು ಸುಂದರಾಬಾಯಿಯವರ ಖಾಲಿ ಕುರ್ಚಿಯ ಮೇಲಿಟ್ಟರು. ಆಮೇಲೆ ಎಲ್ಲರಿಗೂ ಬೆನ್ನು ತಿರುಗಿಸಿ ಕೆರೆಯ ಕಡೆ ನೋಡುತ್ತಾ ಹೇಳಿದರು:

"ನಾನು ಯಾರಿಗೂ ಏನೂ ಹೇಳಿಲ್ಲ. ಕಾಗದ ಕುರ್ಚಿ ಮೇಲೆ ಬಿದ್ದಿದ್ರೆ ಅದಕ್ಕೆ ನಾನೇನು ಮಾಡ್ಲಿ?"

*

ಮುನಿಗಂಗಮ್ಮ ನಾಲ್ಕನೇ ಕ್ಲಾಸು ಓದಿದವರು. ಕಾಗದವನ್ನು ಬಿಸಿಲಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು.

"'ರಾಮೂ, ನಾನು ಬದುಕಿದ್ದೇನೆ. ಬೊಂಬಾಯಿಯ ಆಸ್ಪತ್ರೆಯಲ್ಲಿದ್ದೇನೆ. ಕಾಲಿಗೆ ಪೆಟ್ಟು, ಜೀವಕ್ಕೆ ಭಯವಿಲ್ಲ. ನಾನೇ ಬಂದು ಬಾಗಿಲು ತಟ್ಟುವವರೆಗೆ ಯಾರಿಗೂ ತಿಳಿಸಬೇಡ, ನಮ್ಮ ಗಂಗಿಗೂ ಕೂಡ. ಕಾರಣ ಇದೆ. ನೀನು ಮಾತು ಮುರಿಯುವವನಲ್ಲ ಎಂದು ನಿನ್ನೊಬ್ಬನಿಗೆ ಬರೆದಿದ್ದೇನೆ. ಚನ್ನ.'"

ಕೊನೆಯ ಸಾಲು ಓದಿ ಮತ್ತೆ ಹಿಂದಕ್ಕೆ ಹೋದರು. "'ನಮ್ಮ ಗಂಗಿ' ಅಂತ ಬರ್ದವ್ರೆ," ಎಂದು ಬೆರಳಿಟ್ಟು ಎಲ್ಲರಿಗೂ ತೋರಿಸಿದರು. "ನೋಡಿ, ಇಲ್ಲಿ. ಗಂಗಿ ಅಂತ."

ಆಮೇಲೆ ಅವರು ನಕ್ಕರು. ನಗುತ್ತಾ ಅಲ್ಲೇ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಕಣ್ಣಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಹನ್ನೊಂದು ತಿಂಗಳು! ಊರೋರೆಲ್ಲ ಬಳೆ ತೆಗಿ, ಬಳೆ ತೆಗಿ ಅಂದ್ರು. ತೆಗೀನಿಲ್ಲ ನಾನು. ಬರ್ಲಿ ಮನೆಗೆ, ಈ ಕಾಲಿಗೆ ಪೆಟ್ಟು ಬಿದ್ದಿದ್ರೆ ಆ ಕಾಲಿಗೆ ನಾನು ಕೊಡ್ತೀನಿ!"

ಅಶ್ವತ್ಥಪ್ಪ ಸೀಬೆಹಣ್ಣಿನ ಚೀಲವನ್ನು ಕೆಳಗಿಟ್ಟು ಓಡಿಹೋಗಿ ರಾಮಚಂದ್ರರನ್ನು ಹಿಂದಿನಿಂದ ಅಪ್ಪಿಕೊಂಡರು. ಒದ್ದೆ ಪ್ಯಾಂಟಿನ ನೀರೆಲ್ಲ ಅವರ ಇಸ್ತ್ರಿ ಬಟ್ಟೆಗೆ ಹತ್ತಿತು. ಟೋಪಿಯನ್ನು ಅವರ ತಲೆಗೆ ತಿರುಗುಮುರುಗಾಗಿ ಇಟ್ಟರು.

"ಹನ್ನೆರಡನೇ ನಿಯಮ..." ಎಂದರು ರಾಮಚಂದ್ರ.

"ನಿನ್ನ ನಿಯಮಕ್ಕೆ ಬೆಂಕಿ ಹಾಕ! ಗಂಟೆ ಎಲ್ಲಿ?"

"ಅದನ್ನ ನಾನು ಹೇಳ್ಲಾ?" ಎಂದರು ಸುಂದರಾಬಾಯಿ. "ದೋಣಿಯ ಬಣ್ಣ ಒಣಗಿ ಎರಡು ದಿನ ಆಯ್ತು. ಬೆರಳಿಟ್ಟು ನೋಡಿದೆ. ಆದರೂ ದೋಣಿ ಹೊರಗೆ ಬರೋದು ಇವರಿಗೆ ಬೇಕಿಲ್ಲ."

ರಾಮಚಂದ್ರ ಜನಿವಾರದಿಂದ ಬೀಗದ ಕೈ ಬಿಚ್ಚಿಕೊಟ್ಟರು. ದೋಣಿಯ ಹಿಂದಿನ ಹಲಗೆಯ ಕೆಳಗೆ, ಹಳೆಯ ಧೋತ್ರದಲ್ಲಿ ಸುತ್ತಿದ್ದ ಗಂಟೆ ಮಗುವಿನ ಹಾಗೆ ಮಲಗಿತ್ತು.

"ಮನೆಯಲ್ಲಿ ಬಚ್ಚಿಡಬಹುದಿತ್ತಲ್ಲ?" ಎಂದು ಯಾರೋ ಕೇಳಿದರು.

"ಹಡಗಿನ ಗಂಟೆ ಅಕ್ಕಿ ಡಬ್ಬದಲ್ಲಿ ಇರಬಾರದು," ಎಂದರು ರಾಮಚಂದ್ರ ಗಂಭೀರವಾಗಿ. "ನೀರಿಗಿಳಿಯೋ ವಸ್ತುವಿನಲ್ಲೇ ಇರಬೇಕು."

ಆ ವರ್ಷ ಏರಿಯ ಮೇಲೆ ಎದ್ದ ನಗು ಆಚೆ ದಡದಲ್ಲಿ ರಾಗಿ ಹೊಲ ಕುಯ್ಯುತ್ತಿದ್ದವರಿಗೂ ಕೇಳಿಸಿತು. ಅವರು ಕುಡುಗೋಲು ನಿಲ್ಲಿಸಿ ನೋಡಿದರು.

ಸುಬ್ರಹ್ಮಣ್ಯ ಮುನಿಗಂಗಮ್ಮನ ಮುಂದೆ ಬಂದು ಕೈಮುಗಿದರು. "ತಪ್ಪಾಯ್ತು ತಾಯಿ. ಅನ್ನಬಾರದ ಮಾತು ಅಂದೆ."

"ಬಿಡಿ ಅತ್ಲಾಗೆ. ಆವತ್ತು ಹೊಳೆದಿದ್ರೆ ಗಂಟೇನ ನಾನೇ ಕದ್ದಿರ್ತಿದ್ದೆ," ಎಂದರು ಮುನಿಗಂಗಮ್ಮ. "ಒಬ್ಬಟ್ಟು ಮಾಡ್ಸಿದ್ದೀರಾ? ಹನ್ನೊಂದು ತಿಂಗಳಿಂದ ಸಿಹಿ ತಿಂದಿಲ್ಲ ನಾನು."

ದೋಣಿ ಇಳಿಸುವಾಗ ಇನ್ನೊಂದು ಸಣ್ಣ ಜಗಳ. ಮೊದಲ ಸುತ್ತಿಗೆ ಮುನಿಗಂಗಮ್ಮನನ್ನು ಕೂರಿಸಬೇಕು ಎಂದರು ಅಶ್ವತ್ಥಪ್ಪ. ಸದಸ್ಯರಲ್ಲದವರು ದೋಣಿ ಹತ್ತುವಂತಿಲ್ಲ ಎಂದರು ರಾಮಚಂದ್ರ. ಎಲ್ಲರೂ ಅವರನ್ನು ನುಂಗುವ ಹಾಗೆ ನೋಡಿದರು. ಅವರು ಲಾಗ್‌ಬುಕ್ ತೆರೆದು ಬರೆದರು: 'ಚೀಫ್ ಇಂಜಿನಿಯರ್ ಚನ್ನರಾಯಪ್ಪ, ರಜೆ. ಅವರ ಪರವಾಗಿ ಶ್ರೀಮತಿ ಮುನಿಗಂಗಮ್ಮ ಹಾಜರು.' ಬರೆದು ತಾವೇ ಕೈ ಕೊಟ್ಟು ದೋಣಿಗೆ ಹತ್ತಿಸಿದರು.

ದೋಣಿ ತೂಗಾಡಿದಾಗ ಮುನಿಗಂಗಮ್ಮ ಎರಡೂ ಕಡೆ ಗಟ್ಟಿಯಾಗಿ ಹಿಡಿದುಕೊಂಡು "ಅಯ್ಯಯ್ಯಪ್ಪೋ, ಇದ್ರಾಗೆ ಮೂವತ್ತು ವರ್ಷ ಹೆಂಗೆ ಇದ್ರೋ!" ಎಂದು ಕೂಗಿದರು. ಅಶ್ವತ್ಥಪ್ಪ ಹುಟ್ಟು ಹಾಕುತ್ತಾ ತೆಲುಗಿನಲ್ಲಿ ಹಾಡತೊಡಗಿದರು.

ಒಬ್ಬಟ್ಟು, ಕೋಸಂಬರಿ, ಅವರೆಕಾಳು ಹುಳಿ, ಶ್ಯಾವಿಗೆ ಪಾಯಸ. ಊಟಕ್ಕೆ ಮೊದಲು ಎಲ್ಲರೂ ಪಾನಕದ ಲೋಟ ಎತ್ತಿದರು.

"ನೀರಿನ ಮೇಲಿರೋರಿಗೆ!" ಎಂದರು ಅಶ್ವತ್ಥಪ್ಪ.

"ದಡ ಸಿಗಲಿ!" ಎಂದರು ಎಲ್ಲರೂ. ಅವರಲ್ಲಿ ಮುನಿಗಂಗಮ್ಮನ ದನಿಯೇ ದೊಡ್ಡದು.

*

ಸುಂದರಾಬಾಯಿ ಒಂದೇ ಒಬ್ಬಟ್ಟಿಗೆ ಎದ್ದರು. ಚೀಲದಿಂದ ಭೂತಗನ್ನಡಿ ತೆಗೆದು ಆ ಲಕೋಟೆಯನ್ನು ಮರದ ಹಿಂದೆ ಕೊಂಡೊಯ್ದು ನೋಡಿದರು. ಐದು ನಿಮಿಷ ಬಿಟ್ಟು ರಾಮಚಂದ್ರ, ಅಶ್ವತ್ಥಪ್ಪ, ಮುನಿಗಂಗಮ್ಮ ಮೂವರನ್ನೇ ಪಕ್ಕಕ್ಕೆ ಕರೆದರು.

"ಇದು ಬೊಂಬಾಯಿಯಿಂದ ಬಂದದ್ದಲ್ಲ."

"ಬೊಂಬಾಯಿ ಅಂತ ಅವನೇ ಬರೆದಿದ್ದಾನಲ್ಲ," ಎಂದರು ರಾಮಚಂದ್ರ.

"ಬರೆದಿದ್ದಾರೆ. ಅಂಚೆ ಮುದ್ರೆ ಬೇರೆ ಹೇಳುತ್ತೆ. ಮಸಿ ಹರಡಿದೆ, ಆದರೂ ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಎಸ್. ಕೊನೆಗೆ ಪಿ, ಯು, ಆರ್."

"ಸೋಲಾಪುರ ಇರಬೇಕು. ದಾರಿಯಲ್ಲಿ ಯಾರ ಕೈಗಾದರೂ ಕೊಟ್ಟು ಹಾಕಿಸಿರಬಹುದು."

"ಸೋಲಾಪುರಕ್ಕೆ ಇಷ್ಟು ಜಾಗ ಬೇಡ. ಇಲ್ಲಿ ಹನ್ನೊಂದು ಅಕ್ಷರದ ಜಾಗ ಇದೆ. ಈ ಮುದ್ರೆಯನ್ನ ಮೂವತ್ತು ವರ್ಷ ದಿನಾ ನೋಡಿದ್ದೀನಿ, ಕಣ್ಣು ಮುಚ್ಚಿ ಗುರುತು ಹಿಡೀತೀನಿ." ಸುಂದರಾಬಾಯಿ ದನಿ ತಗ್ಗಿಸಿದರು. "ಶ್ರೀನಿವಾಸಪುರ."

ಮುನಿಗಂಗಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ಅಲ್ಲಿಂದ ಒಂದು ತಾಸಿನ ದಾರಿ.

"ಪದಂಡಿ, ಪದಂಡಿ!" ಅಶ್ವತ್ಥಪ್ಪ ಆಗಲೇ ತಮ್ಮ ಜೀಪಿನ ಕಡೆ ಹೆಜ್ಜೆ ಹಾಕಿದರು.

"ಮೆಲ್ಲಗೆ," ಎಂದರು ಸುಂದರಾಬಾಯಿ. "ಕಾರಣ ಇದೆ ಅಂತ ಬರೆದಿದ್ದಾರೆ. ಅದು ಏನು ಅಂತ ಗೊತ್ತಾಗೋವರೆಗೂ ಉಳಿದವರಿಗೆ ಹೇಳೋದು ಬೇಡ. ಮುನಿಗಂಗಮ್ಮನೋರನ್ನ ಮಾಲೂರಿಗೆ ಬಿಟ್ಟು ಬರ್ತೀವಿ ಅನ್ನಿ, ಸಾಕು."

ಹಾಗೇ ಹೇಳಿ ಹೊರಟರು. ಹಿಂದಿನಿಂದ ಸುಬ್ರಹ್ಮಣ್ಯ ಸೌಟು ಎತ್ತಿ ಕೂಗಿದರು: "ಪಾಯಸ ಎತ್ತಿಟ್ಟಿರ್ತೀನಿ, ಬೇಗ ಬನ್ನಿ!"

ಶ್ರೀನಿವಾಸಪುರದಲ್ಲಿ ಸುಂದರಾಬಾಯಿ ನೇರವಾಗಿ ಪೋಸ್ಟ್‌ಮನ್ ದೊಡ್ಡವೆಂಕಟಪ್ಪನ ಮನೆಗೆ ಹೋದರು. ಭಾನುವಾರ. ಆತ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ಇವರನ್ನು ಕಂಡು ಎದ್ದು ನಿಂತ.

"ಮೇಡಂ, ನೀವಾ! ಕೂತ್ಕೊಳ್ಳಿ, ಕಾಫಿ..."

"ಕಾಫಿ ಆಮೇಲೆ. ಊರಿಗೆ ಹೊಸಬರು, ಅರವತ್ತು ವಯಸ್ಸು, ಕಾಲು ಎಳೆದು ನಡೆಯೋರು ಯಾರಾದರೂ ಇದ್ದಾರಾ?"

"ಕೋಲು ಊರ್ಕೊಂಡು ಬಂದು ಸ್ಟಾಂಪು ತಗೊಳ್ಳೋ ದೊಡ್ಡಮನುಷ್ಯರಾ? ಎರಡು ತಿಂಗಳಾಯ್ತು ಮೇಡಂ. ಮಾವಿನ ಮಂಡಿ ಹಿಂದೆ, ಹೆಂಚಿನ ಮನೆ. ಹಸಿರು ಬಾಗಿಲು."

ಜೀಪು ನಿಲ್ಲುವ ಮೊದಲೇ ಮುನಿಗಂಗಮ್ಮ ಇಳಿದುಬಿಟ್ಟಿದ್ದರು. ಹಸಿರು ಬಾಗಿಲನ್ನು ಅವರು ತಟ್ಟಲಿಲ್ಲ, ಗುದ್ದಿದರು.

"ಯಾರು?" ಒಳಗಿನಿಂದ ದನಿ.

"ಗಂಗಿ!"

ಒಳಗೆ ಏನೋ ಬಿದ್ದ ಸದ್ದು. ಕೋಲಿನ ಸದ್ದು. ಚಿಲಕ ತೆಗೆದ ಸದ್ದು. ಬಾಗಿಲಲ್ಲಿ ನಿಂತಿದ್ದ ಚನ್ನರಾಯಪ್ಪ ಅರ್ಧಕ್ಕೆ ಇಳಿದಿದ್ದರು, ಗಡ್ಡ ಬೆಳ್ಳಗಾಗಿತ್ತು. ಹೆಂಡತಿಯ ಹಣೆ ನೋಡಿದರು, ಕೈಯ ಬಳೆ ನೋಡಿದರು.

"ತೆಗೀನಿಲ್ವಾ?" ಎಂದರು.

"ಯಾಕ್ ತೆಗೀಲಿ?" ಎಂದರು ಮುನಿಗಂಗಮ್ಮ. ಗಂಡನ ಎದೆಗೆ ಎರಡು ಏಟು ಹಾಕಿದರು. ಮೂರನೆಯ ಏಟಿಗೆ ಎತ್ತಿದ ಕೈ ಅಲ್ಲೇ ಅವರ ಹೆಗಲ ಮೇಲೆ ಉಳಿಯಿತು.

ಅಶ್ವತ್ಥಪ್ಪ ಬೀದಿಯಲ್ಲೇ ಟೋಪಿ ಗಾಳಿಗೆ ಹಾರಿಸಿದರು. ರಾಮಚಂದ್ರ ಕನ್ನಡಕ ಒರೆಸಿಕೊಂಡೇ ಒರೆಸಿಕೊಂಡರು. "ನಾನು ಯಾರಿಗೂ ಹೇಳಲಿಲ್ಲ ಚನ್ನಾ, ಕಾಗದ ಕುರ್ಚಿ ಮೇಲೆ..." ಎಂದು ಶುರು ಮಾಡಿದರು. ಚನ್ನರಾಯಪ್ಪ ಅವರನ್ನೂ ಎಳೆದು ಅಪ್ಪಿಕೊಂಡರು.

ಸುಂದರಾಬಾಯಿ ಸ್ವಲ್ಪ ದೂರ ನಿಂತು ಮೂಗು ಒರೆಸಿಕೊಂಡರು. ಮೂವತ್ತು ವರ್ಷದಲ್ಲಿ ಎಷ್ಟೋ ಕಾಗದ ಮುಟ್ಟಿಸಿದ್ದರು, ಕಾಗದ ಬರೆದವರ ಮನೆಗೇ ಬಂದದ್ದು ಇದೇ ಮೊದಲು.

"ಮನೆ ಇಷ್ಟು ಹತ್ತಿರ ಇಟ್ಕೊಂಡು ಇಲ್ಲಿ ಯಾಕೆ ಕೂತಿದ್ದೀರಿ?" ಎಂದು ಅವರೇ ಕೇಳಿದರು.

ಚನ್ನರಾಯಪ್ಪನ ಮುಖದ ನಗು ನಿಧಾನಕ್ಕೆ ಇಳಿಯಿತು. ಬೀದಿಯ ಎರಡೂ ಕಡೆ ನೋಡಿದರು. "ಒಳಗೆ ಬನ್ನಿ, ಎಲ್ಲರೂ. ನಾನು ಅಡಗಿ ಕೂತಿದ್ದು ನನಗೋಸ್ಕರ ಅಲ್ಲ."

ಒಳಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಮಂಚದ ಮೇಲೆ ಕಂಬಳಿ ಹೊದ್ದು ಒಬ್ಬರು ಗೋಡೆಗೆ ಒರಗಿ ಕೂತಿದ್ದರು. ಅವರನ್ನು ಕಂಡು ರಾಮಚಂದ್ರ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಸೊಣ್ಣಪ್ಪಾ?"

ಕ್ಯಾಪ್ಟನ್ ಸೊಣ್ಣಪ್ಪ. ಎರಡು ವರ್ಷದ ಹಿಂದೆ ಹಡಗಿನಲ್ಲೇ ತೀರಿಕೊಂಡರು ಎಂದು ತಂತಿ ಬಂದು, ಇದೇ ರಾಮಚಂದ್ರ ಕೈಯಾರೆ ಎಂಟು ಸಲ ಗಂಟೆ ಬಾರಿಸಿ ಹೆಸರನ್ನು ಬೋರ್ಡಿಗೆ ಏರಿಸಿದವರು.

"ಬಾರೋ ರಾಮೂ. ಹೆದರಬೇಡ, ಮುಟ್ಟಿ ನೋಡು." ಸೊಣ್ಣಪ್ಪ ನಕ್ಕರು. ಆದರೆ ಕಣ್ಣು ಬಾಗಿಲ ಮೇಲೇ ಇತ್ತು. "ನಾನು ಸತ್ತೆ ಅಂತ ತಂತಿ ಬಂತು. ಇವನು ಸತ್ತ ಅಂತ ತಂತಿ ಬಂತು. ಎರಡನ್ನೂ ಕೊಡಿಸಿದ ಮನುಷ್ಯ ಒಬ್ಬನೇ. ಈವತ್ತು ಸಂಘದ ದಿನ ಅಲ್ವಾ? ಹಾಗಾದ್ರೆ ಅವನು ಈವತ್ತು ನಿಮ್ಮ ಪಂಕ್ತಿಯಲ್ಲೇ ಊಟ ಮಾಡಿದ್ದಾನೆ."

"ಹೆಸರು ಹೇಳಿ," ಎಂದರು ಸುಂದರಾಬಾಯಿ.

ಸೊಣ್ಣಪ್ಪ ಬಾಯಿ ತೆರೆದರು.

ಬೀದಿಯಲ್ಲಿ ವ್ಯಾನೊಂದು ಬಂದು ನಿಂತಿತು. ಹಾರನ್ನು ಮೂರು ಸಲ. ಆಮೇಲೆ ಮುದುಕರ ನಗು, ಪಾತ್ರೆಗಳ ಸದ್ದು, ಎಲ್ಲಕ್ಕಿಂತ ಮೇಲೆ ಸುಬ್ರಹ್ಮಣ್ಯನ ಖುಷಿಯ ದನಿ:

"ಅಶ್ವತ್ಥಪ್ಪಾ! ಬಾಗಿಲು ತೆಗಿಯೋ! ನಿಮ್ಮ ಪಾಲಿನ ಪಾಯಸ ತಂದಿದ್ದೀವಿ, ಎಲ್ಲರೂ ಬಂದಿದ್ದೀವಿ!"

ಸೊಣ್ಣಪ್ಪ ತೆರೆದ ಬಾಯನ್ನು ಮುಚ್ಚಿ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡರು.

ಸುಂದರಾಬಾಯಿ ಅಶ್ವತ್ಥಪ್ಪನ ಮುಖ ನೋಡಿದರು, ರಾಮಚಂದ್ರರ ಮುಖ ನೋಡಿದರು. ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಶ್ರೀನಿವಾಸಪುರದ ಹೆಸರನ್ನು ಆ ವ್ಯಾನಿನಲ್ಲಿದ್ದ ಯಾರಿಗೂ ಯಾರೂ ಹೇಳಿರಲಿಲ್ಲ.